ಮಹಡಿಯ ಮೇಲೆ ಪಥ್ಯ

ಬಾಳೆಹಣ್ಣಿನ ಸಿಪ್ಪೆಯೊಂದು ಕಸದ ಬುಟ್ಟಿಯಲ್ಲಿ ಸಿಕ್ಕಿದ್ದೇ ಆ ದಿನದ ಜಗಳಕ್ಕೆ ಮೂಲವಾಯಿತು. ಅಜ್ಜಿ ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಅಡುಗೆಮನೆಗೆ ತಂದಳು.

"ಇದನ್ನ ಯಾರು ತಿಂದಿದ್ದು?"

ಸೊಸೆ ಒಲೆಯ ಮುಂದೆ ನಿಂತು ಗಂಜಿ ಕೈಯಾಡಿಸುತ್ತಿದ್ದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅವಳದು ಬೆಳಗಿನ ಪಾಳಿ, ಆಗಲೇ ಹೊತ್ತಾಗಿತ್ತು. "ನಾನೇ ತಿಂದೆ ಅತ್ತೆ," ಎಂದಳು ತಿರುಗಿ ನೋಡದೆ.

"ನೀನು ತಿಂದಿದ್ರೆ ಸಿಪ್ಪೆನ ಪೇಪರಲ್ಲಿ ಸುತ್ತಿ ಯಾಕೆ ಬಚ್ಚಿಡ್ತಿದ್ದೆ? ಗುಬ್ಬಿಗೆ ಕೊಟ್ಟಿದೀಯ."

"ಕೊಟ್ಟೆ. ಅರ್ಧ. ಎಷ್ಟು ದಿನದಿಂದ ಕೇಳ್ತಿತ್ತು ಮಗು."

"ಹಾಗಾದ್ರೆ ಹೋಗಿ ಕೇಳಿಸ್ಕೋ, ಅರ್ಧ ಹಣ್ಣು ಹೇಗೆ ಹಾಡ್ತಿದೆ ಅಂತ."

ಕೋಣೆಯಲ್ಲಿ ಗುಬ್ಬಿ ಗೋಡೆಗೊರಗಿ ಮಂಚದ ಮೇಲೆ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಪ್ರತಿ ಉಸಿರಿಗೂ ಎದೆಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದಂತೆ ಸದ್ದು. ಅವಳಿಗೆ ಏಳು ವರ್ಷ. ಕೈಕಾಲು ಕಡ್ಡಿಯಂತಿದ್ದುದರಿಂದ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಆ ವರ್ಷ ಶಾಲೆಗೆ ಹೋದ ದಿನಗಳಿಗಿಂತ ಮಂಚದ ಮೇಲೆ ಕಳೆದ ದಿನಗಳೇ ಹೆಚ್ಚು ಅನ್ನಿಸುವಂತಾಗಿತ್ತು.

ಅವರ ಮನೆ ಇದ್ದದ್ದು ಮಹಡಿಯ ಮೇಲೆ. ಕೆಳಗೆ ಗುಬ್ಬಿಯ ಅಜ್ಜನ ಮರಗೆಲಸದ ಅಂಗಡಿ. ಬೀದಿಗೆ ತೆರೆದ ಅಗಲವಾದ ಬಾಗಿಲು, ಗೋಡೆಗೆ ಒರಗಿಸಿದ ಹಲಗೆಗಳು, ಅಂಟಿನ ಡಬ್ಬಿಗಳು, ಮೂಲೆಯಲ್ಲಿ ಮರ ಉಜ್ಜಿ ನುಣುಪು ಮಾಡುವ ಯಂತ್ರ. ಮನೆಗೆ ಹತ್ತುವ ಮೆಟ್ಟಿಲೂ ಅಂಗಡಿಯ ಒಳಗಿಂದಲೇ. ಬಡಗಿಯ ಕೈ ಹಳೆಯದಾದರೂ ಕೆಲಸ ಹಳತಾಗಿರಲಿಲ್ಲ. ಆಗಷ್ಟೇ ಒಂದು ಹೊಸ ಶಾಲೆಗೆ ಬೆಂಚು, ಮೇಜು ಮಾಡಿಕೊಡುವ ದೊಡ್ಡ ಕೆಲಸ ಸಿಕ್ಕಿತ್ತು. ಮಗನೂ ಅವನ ಜೊತೆಯಲ್ಲೇ ದುಡಿಯುತ್ತಿದ್ದ. ಅಪ್ಪ ಕೊಯ್ದು ಜೋಡಿಸಿದ್ದನ್ನು ಮಗ ಉಜ್ಜಿ ಪಾಲಿಶ್ ಹಾಕುತ್ತಿದ್ದ. ಬೆಳಿಗ್ಗೆ ಯಂತ್ರ ಶುರುವಾದರೆ ಮಹಡಿಯ ಮೇಲಿನ ಲೋಟ ತಟ್ಟೆಗಳೂ ಸಣ್ಣಗೆ ನಡುಗುತ್ತಿದ್ದವು. ಸೊಸೆ ಕಿಟಕಿಯ ಹಲಗೆ ಒರೆಸಿ ಕೆಲಸಕ್ಕೆ ಹೋದರೆ, ವಾಪಸ್ಸು ಬರುವಷ್ಟರಲ್ಲಿ ಅದರ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಹುಡಿ ಕೂತಿರುತ್ತಿತ್ತು.

ಮಕ್ಕಳ ಡಾಕ್ಟರು ಉಬ್ಬಸ ಎಂದು ಹೇಳಿ ಇನ್ಹೇಲರ್ ಕೊಟ್ಟಿದ್ದರು. ಅದು ಬಟ್ಟೆಯ ಬೀರುವಿನ ಮೇಲಿನ ಅರೆಯಲ್ಲಿ, ಡಬ್ಬಿಯಿಂದ ಹೊರಗೆ ಬರದೆ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವಳು ಬಡಗಿಯ ದೊಡ್ಡ ಮಗಳು, ಗುಬ್ಬಿಯ ಸೋದರತ್ತೆ.

ಅವಳನ್ನು ಅವಳ ಊರಿನಲ್ಲಿ ಕಷಾಯದಕ್ಕ ಎನ್ನುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಅವಳಿಗೂ ಇದೇ ಉಬ್ಬಸ. ಮದುವೆಯಾಗಿ ಹೋದ ಮೇಲೆ ನೆರೆಮನೆಯ ಮುದುಕಿಯೊಬ್ಬಳು ಶುಂಠಿ, ಕರಿಮೆಣಸು, ಅತಿಮಧುರದ ಬೇರು ಕುದಿಸಿ ಕುಡಿಯಲು ಹೇಳಿಕೊಟ್ಟಳು. ಹಾಲು, ಮೊಸರು, ಬಾಳೆಹಣ್ಣು, ಕರಿದದ್ದು ಬಿಡಿಸಿದಳು. ವರ್ಷ ತುಂಬುವುದರೊಳಗೆ ಉಬ್ಬಸ ಹೇಳಹೆಸರಿಲ್ಲದೆ ಹೋಯಿತು. ಅಂದಿನಿಂದ ಅವಳು ಊರಿನ ಕೆಮ್ಮು, ನೆಗಡಿ, ದಮ್ಮುಗಳಿಗೆಲ್ಲ ದಿಕ್ಕಾದಳು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಅವಳ ಮಾತಿಗೆ ತೂಕ ಹೆಚ್ಚು. "ನನ್ನನ್ನೇ ನೋಡಿ," ಎಂದರೆ ಮುಗಿಯಿತು, ಎದುರಿಗೆ ಕೂತವರು ತಲೆಯಾಡಿಸುತ್ತಿದ್ದರು.

ಶಾಲೆಗೆ ರಜೆ ಬಂದಾಗ ಅವಳೇ ಬಂದು ಗುಬ್ಬಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಎರಡು ವಾರ ಕಳೆದು ಹುಡುಗಿ ವಾಪಸ್ಸು ಬಂದಾಗ ಕೆನ್ನೆ ತುಂಬಿಕೊಂಡಿತ್ತು. ಮೆಟ್ಟಿಲನ್ನು ಓಡಿ ಹತ್ತಿದಳು.

"ಒಂದು ದಿನಾನೂ ಸಿಳ್ಳೆ ಇಲ್ಲ," ಎಂದಳು ಕಷಾಯದಕ್ಕ, ಚೀಲದಿಂದ ಬೇರು, ಪುಡಿ, ಜೇನಿನ ಶೀಶೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡುತ್ತ. "ಔಷಧಿ ಇಲ್ಲ, ಮಣ್ಣಿಲ್ಲ. ಬಾಯಿ ಕಟ್ಟಿದ್ದೊಂದೇ. ನಾನು ಹೇಳಿದ ಹಾಗೆ ಮಾಡಿದ್ರೆ ಮಗು ಕುದುರೆ ಆಗುತ್ತೆ."

"ಮಾಡ್ತೀನಿ ಅತ್ತಿಗೆ," ಎಂದಳು ಸೊಸೆ. ಅವಳ ಕಣ್ಣು ತುಂಬಿತ್ತು. ಮಗಳನ್ನು ಅಷ್ಟು ಗೆಲುವಾಗಿ ಅವಳು ನೋಡಿ ಬಹಳ ದಿನವಾಗಿತ್ತು.

ಮತ್ತು ಅವಳು ಮಾಡಿದಳು. ಪಾಳಿಗೆ ಹೋಗುವ ಮುಂಚೆ ಎದ್ದು ಕಷಾಯ ಕುದಿಸಿದಳು, ಬೆಳ್ಳುಳ್ಳಿ ಜಜ್ಜಿ ಸೂಪು ಮಾಡಿದಳು, ಸಂಜೆ ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿಸಿದಳು. ಒಂದು ವಾರವೂ ತುಂಬಲಿಲ್ಲ, ಸಿಳ್ಳೆ ಮತ್ತೆ ಬಂತು.

"ಏನು ತಿನ್ನಿಸ್ದೆ?" ಎಂದು ಅಜ್ಜಿ ಕೇಳಿದಳು. "ಏನು ತಿನ್ನಿಸ್ದೆ?" ಎಂದು ಗಂಡನೂ ಕೇಳಿದ. ಫೋನಿನಲ್ಲಿ ಕಷಾಯದಕ್ಕನೂ ಅದನ್ನೇ ಕೇಳಿದಳು. ಬಾಳೆಹಣ್ಣಿನ ಸಿಪ್ಪೆ ಸಿಕ್ಕಿದ್ದು ಇದಾದ ಮೇಲೆ. ಇಷ್ಟೆಲ್ಲ ಮಾಡಿಯೂ ಬಾರದ ಉಸಿರು ಅರ್ಧ ಹಣ್ಣಿನಿಂದ ಹೋಗುವುದಿಲ್ಲ ಎಂದು ಸೊಸೆಗೆ ಅನ್ನಿಸಿತ್ತು, ರೋಸಿಹೋಗಿ ಕೊಟ್ಟಿದ್ದಳು.

ಅಂದು ರಾತ್ರಿಯ ಊಟಕ್ಕೆ ಕೂತಾಗ ಅವಳು ಮೊದಲ ಸಲ ಬಾಯಿ ಬಿಟ್ಟಳು. "ನಂಗೇನೋ ಇದು ಊಟದ್ದಲ್ಲ ಅನ್ಸುತ್ತೆ. ಕೆಳಗಿನ ಹುಡಿ ಎಲ್ಲ ಮೆಟ್ಟಿಲಿಂದ ಮೇಲೆ ಬರುತ್ತೆ. ಹಾಸಿಗೆ ಕೊಡವಿದ್ರೆ ಮೋಡ ಎದ್ದ ಹಾಗೆ ಏಳುತ್ತೆ."

ಬಡಗಿಯ ಕೈ ತಟ್ಟೆಯ ಮೇಲೇ ನಿಂತಿತು. "ಹುಡಿ ನಾನು ಹುಟ್ಟಿದಾಗಿಂದ ಇದೆ. ನಾನು ಕೆಮ್ತೀನಾ?"

"ಇಲ್ಲ ಮಾವ."

"ನಿನ್ನ ಗಂಡ ಕೆಮ್ತಾನಾ? ಅವನು ದಿನವೆಲ್ಲ ಅದರಲ್ಲೇ ಮುಳುಗಿರ್ತಾನೆ."

"ಎಲ್ಲರ ಎದೆನೂ ಒಂದೇ ಥರ ಇರುತ್ತಾ?"

"ಆ ಹುಡಿನೇ ಈ ಮನೆಗೆ ಅನ್ನ ಹಾಕಿದ್ದು. ಉಂಡ ಮನೆಯ ಜಂತೆ ಎಣಿಸೋ ಬುದ್ಧಿ ಬೇಡ." ಅವನು ಅರ್ಧ ಊಟಕ್ಕೆ ಎದ್ದು ಕೈ ತೊಳೆದ.

ಗಂಡ ಹೆಂಡತಿಯ ಕಡೆ ನೋಡಿ, "ಬೇಕಿತ್ತಾ ಇದು?" ಎಂದ. "ಅಕ್ಕನ ಕೈಯಲ್ಲಿ ಚೆನ್ನಾಗಿದ್ಲು. ನಿನ್ನ ಕೈಯಲ್ಲಿ ಇಲ್ಲ. ಅದಕ್ಕೆ ಅಪ್ಪನ ಕೆಲಸದ ಮೇಲೆ ಯಾಕೆ ಹಾಕ್ತೀಯ?"

ಅವಳು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಸದ್ದು ಮಾಡಿ ತೊಳೆದಳು. ಮಾರನೆಯ ದಿನ ಕೌಂಟರಿನಿಂದಲೇ ಕಷಾಯದಕ್ಕನಿಗೆ ಫೋನ್ ಮಾಡಿದಳು. "ಅತ್ತಿಗೆ, ನನ್ನ ಕೈಗುಣ ಸರಿ ಇಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿದಾರೆ. ನೀವೇ ಬಂದು ಇಲ್ಲಿದ್ದು ಮಾಡಿ. ಅಡುಗೆಮನೆ ನಿಮ್ಮದು."

"ಕೋಪ ಮಾಡ್ಕೊಂಡು ಹೇಳ್ತಿದೀಯಾ?"

"ಹೌದು. ಆದ್ರೂ ಬನ್ನಿ."

ಕಷಾಯದಕ್ಕ ಆ ವಾರವೇ ಎರಡು ಚೀಲ ತುಂಬಿಕೊಂಡು ಬಂದಿಳಿದಳು. ಮದುವೆಯಾದ ಮೇಲೆ ತವರಿನಲ್ಲಿ ಅವಳು ಒಂದೆರಡು ದಿನಕ್ಕಿಂತ ಹೆಚ್ಚು ನಿಂತದ್ದೇ ಇಲ್ಲ. ಬಂದವಳೇ ಸಕ್ಕರೆ ಡಬ್ಬಿಯನ್ನು ಎತ್ತಿ ಬೀರುವಿನ ಮೇಲಿಟ್ಟಳು, ಎಣ್ಣೆಯ ಬಾಣಲೆಯನ್ನು ಮಂಚದ ಕೆಳಗೆ ತಳ್ಳಿದಳು. ಒಬ್ಬಳಿಗೆ ಪಥ್ಯ ಮಾಡಿದರೆ ಮಗುವಿಗೆ ಬೇಜಾರು, ಎಲ್ಲರೂ ಒಂದೇ ತಿನ್ನಬೇಕು ಎಂದಳು. ಮೂರು ಹೊತ್ತೂ ಬೇಯಿಸಿದ ತರಕಾರಿ, ತೆಳ್ಳಗಿನ ಗಂಜಿ, ಶುಂಠಿಯ ನೀರು. ಬಡಗಿ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ತಟ್ಟೆ ನೋಡಿ ಹೇಳಿದ, "ಏನಮ್ಮ ಇದು, ನಾನು ಯಾವ ಆಪರೇಷನ್ ಮಾಡಿಸ್ಕೊಂಡಿದೀನಿ?"

"ಉಸಿರಿಗೆ ಒಳ್ಳೇದಪ್ಪ."

"ನನ್ನ ಉಸಿರು ಚೆನ್ನಾಗೇ ಇದೆ. ಹಸಿವೇ ತೀರ್ತಿಲ್ಲ."

ಆದರೆ ಗುಬ್ಬಿಯ ಸಿಳ್ಳೆ ನಿಂತಿತ್ತು. ಅದನ್ನು ಯಾರೂ ಇಲ್ಲವೆನ್ನುವಂತಿರಲಿಲ್ಲ. ಹುಡುಗಿ ಮಲಗಿ ನಿದ್ದೆ ಮಾಡಿದಳು, ಬೀದಿಯಲ್ಲಿ ಆಡಿಬಂದಳು. ಅಜ್ಜಿ ಸೊಸೆಗೆ ಕೇಳಿಸುವಂತೆ, "ಕೈಗುಣ ಅಂದ್ರೆ ಇದು," ಎಂದಳು. ಸೊಸೆ ಮಗಳು ಚೆನ್ನಾಗಿದ್ದಾಳೆ ಎಂದು ಸಂತೋಷಪಡುವುದೋ, ತಾನು ಕೆಟ್ಟ ತಾಯಿ ಎಂದು ಒಪ್ಪಿಕೊಳ್ಳುವುದೋ ತಿಳಿಯದೆ ತುಟಿ ಕಚ್ಚಿಕೊಂಡಳು. ಆ ದಿನಗಳಲ್ಲಿ ಕೆಳಗಿನ ಯಂತ್ರದ ಬೆಲ್ಟು ಹರಿದು, ಹೊಸದು ಬರುವ ತನಕ ಅಪ್ಪ ಮಗ ಬರೀ ಅಳತೆ, ಕೊಯ್ತದ ಕೆಲಸ ಮಾಡುತ್ತಿದ್ದರು. ಅದು ಯಾರ ತಲೆಗೂ ಹೋಗಲಿಲ್ಲ.

ಬೆಲ್ಟು ಬಂತು. ಶಾಲೆಯವರು ಅವಸರ ಮಾಡುತ್ತಿದ್ದುದರಿಂದ ಯಂತ್ರ ಬೆಳಗಿನಿಂದ ಕತ್ತಲಾಗುವವರೆಗೂ ಓಡಿತು. ಎರಡೇ ದಿನಕ್ಕೆ ಗುಬ್ಬಿ ಮತ್ತೆ ಗೋಡೆಗೆ ಒರಗಿ ಕೂತಳು.

ಕಷಾಯದಕ್ಕ ನಂಬಲಿಲ್ಲ. ಗುಬ್ಬಿಯ ಶಾಲೆಚೀಲ ತಡಕಿದಳು, ದಿಂಬಿನ ಕೆಳಗೆ ನೋಡಿದಳು. ಕೊನೆಗೆ ಸೊಸೆಯನ್ನು ಕರೆದಳು. "ನಿಜ ಹೇಳು. ಕದ್ದು ಏನಾದ್ರೂ ಕೊಟ್ಯಾ?"

"ಅತ್ತಿಗೆ, ಅಡುಗೆಮನೆ ಬೀಗದ ಕೈ ನಿಮ್ಮ ಸೊಂಟದಲ್ಲಿದೆ."

"ಮತ್ತೆ ಹೇಗಾಯ್ತು?"

"ಅದನ್ನೇ ನಾನು ತಿಂಗಳಿಂದ ಎಲ್ಲರನ್ನೂ ಕೇಳ್ತಿರೋದು."

ಕಷಾಯದಕ್ಕ ಕಷಾಯವನ್ನು ಇನ್ನೂ ಗಟ್ಟಿಯಾಗಿ ಕುದಿಸಿದಳು. ಕುದಿಸುವಾಗ ಒಂದೆರಡು ಸಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಒಗ್ಗರಣೆಯೂ ಇಲ್ಲದ ಅಡುಗೆಮನೆಯಲ್ಲಿ ಯಾಕೆ ಕೆಮ್ಮುತ್ತಿದ್ದಾಳೆ ಎಂದು ಸೊಸೆ ನೋಡಿದಳು. "ಮೆಣಸಿನ ಘಾಟು," ಎಂದಳು ಕಷಾಯದಕ್ಕ, ಕೇಳುವ ಮೊದಲೇ. ಮಾರನೆಯ ದಿನ ಮಾತಿನ ನಡುವೆ ನಿಂತು ಉಸಿರೆಳೆದುಕೊಳ್ಳತೊಡಗಿದಳು. ಶುಂಠಿ ಚೂರೊಂದನ್ನು ಸದಾ ದವಡೆಯಲ್ಲಿ ಇಟ್ಟುಕೊಂಡಳು. ಯಾರಾದರೂ ಕೇಳಿದರೆ, ನೀರು ಬದಲಾಗಿದೆ ಎಂದಳು.

ಒಂದು ಮಧ್ಯಾಹ್ನ ಅವಳು ಅಪ್ಪನಿಗೆ ಶುಂಠಿ ನೀರು ಕೊಡಲು ಲೋಟ ಹಿಡಿದು ಮೆಟ್ಟಿಲಿಳಿದಳು. ಕೆಳಗೆ ತಮ್ಮ ಮೇಜಿನ ಹಲಗೆ ಉಜ್ಜುತ್ತಿದ್ದ. ಬಾಗಿಲಿನಿಂದ ಬಿದ್ದ ಬಿಸಿಲಿನಲ್ಲಿ ಹಳದಿ ಹುಡಿ ಹೊಗೆಯಂತೆ ಎದ್ದು ಮೆಟ್ಟಿಲ ಕಡೆಗೆ ತೇಲುತ್ತಿತ್ತು. ಅರ್ಧ ಇಳಿದವಳು ನಿಂತಳು. ಲೋಟವನ್ನು ಪಕ್ಕಕ್ಕಿಡಲು ಹೋಗಿ ಚೆಲ್ಲಿದಳು. ಮೆಟ್ಟಿಲ ಮೇಲೆಯೇ ಕುಸಿದು, ಎರಡೂ ಕೈಯನ್ನು ಮಂಡಿಗೆ ಊರಿ, ಕತ್ತು ಮುಂದೆ ಚಾಚಿ, ಬಾಯಿ ತೆರೆದಳು. ಉಸಿರು ಒಳಗೆ ಹೋಗುತ್ತಿತ್ತು. ಹೊರಗೆ ಬರಲು ಒದ್ದಾಡುತ್ತಿತ್ತು.

ಬಡಗಿ ನೋಡಿ ಮಗನಿಗೆ ಕೂಗಿ ಯಂತ್ರ ನಿಲ್ಲಿಸಿದ. ಸದ್ದು ನಿಂತಾಗ ಅಂಗಡಿಯಲ್ಲಿ ಆ ಸಿಳ್ಳೆಯೊಂದೇ ಉಳಿಯಿತು.

ಮೇಲಿನಿಂದ ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಗುಬ್ಬಿಯೇ ಬಿದ್ದಳೆಂದುಕೊಂಡು ಬಂದವಳು ಮಗಳನ್ನು ಕಂಡು ಅಲ್ಲೇ ನಿಂತಳು. ಮಂಡಿಗೆ ಕೈಯೂರಿ ಕೂತ ಆ ಭಂಗಿ, ಆ ಸದ್ದು, ಅವಳಿಗೆ ಹೊಸದಾಗಿರಲಿಲ್ಲ. ಇದೇ ಮೆಟ್ಟಿಲ ಮೇಲೆ, ಎರಡು ಜಡೆಯ ಹುಡುಗಿಯಾಗಿದ್ದಾಗ ಇವಳು ಹೀಗೇ ಕೂರುತ್ತಿದ್ದಳು.

"ಇದು ಮತ್ತೆ ಬಂತಾ," ಎಂದಳು ಅಜ್ಜಿ ಮೆಲ್ಲಗೆ. ಯಾರಿಗೆ ಹೇಳಿದಳೋ.

ಸೊಸೆ ಪಾಳಿ ಮುಗಿಸಿ ಬಂದದ್ದು ಆಗಲೇ. ಅವಳು ಸೀದಾ ಮೇಲೆ ಹೋಗಿ ಗುಬ್ಬಿಯನ್ನು ಎತ್ತಿಕೊಂಡು ಬಂದಳು. ಗಂಡನಿಗೆ, "ಬೆಂಚು ಸಾಗಿಸೋ ಗಾಡಿ ತೆಗಿ. ಇಬ್ಬರನ್ನೂ ಕೂರಿಸು," ಎಂದಳು.

ಆಸ್ಪತ್ರೆಯ ಕೋಣೆಯಲ್ಲಿ ಕಷಾಯದಕ್ಕ, ಗುಬ್ಬಿ ಇಬ್ಬರೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು, ಮೂಗು ಬಾಯಿ ಮುಚ್ಚುವ ಪ್ಲಾಸ್ಟಿಕ್ ಬಟ್ಟಲಿನಿಂದ ಔಷಧದ ಹೊಗೆ ಎಳೆದುಕೊಂಡರು. ಗುಬ್ಬಿ ಕಷಾಯದಕ್ಕನ ಬೆರಳು ಹಿಡಿದುಕೊಂಡಿದ್ದಳು. ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರಮ್ಮ, "ಮನೇಲಿ ಹೊಗೆ, ಧೂಳು ಏನಾದ್ರೂ ಇದೆಯಾ?" ಎಂದು ಕೇಳಿದರು.

ಮಗ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು, "ಇದೆ. ಮರದ ಹುಡಿ. ಮನೆ ತುಂಬಾ ಇದೆ. ಇವಳು ಮದುವೆ ಆಗಿ ಹೋದ್ಮೇಲೆ ಹುಷಾರಾದ್ಲು. ಇಲ್ಲಿ ಬಂದು ವಾರಕ್ಕೆ ಹೀಗಾದ್ಲು. ಇದಕ್ಕಿಂತ ಏನು ಹೇಳ್ಬೇಕು."

ಡಾಕ್ಟರಮ್ಮ ಹೆಚ್ಚು ಮಾತಾಡಲಿಲ್ಲ. ಶುಂಠಿ, ಜೇನು ಗಂಟಲಿಗೆ ಹಿತ, ಕೊಡಿ, ಯಾರು ಬೇಡ ಅಂದರು ಎಂದರು. ಹುಡಿಯಿಂದ ದೂರ ಇಡದೆ, ಇನ್ಹೇಲರ್ ಹಾಕದೆ, ಬರೀ ಅದನ್ನೇ ಕೊಡುವುದು ಸೋರುವ ಮಾಡಿನ ಕೆಳಗೆ ನೆಲ ಒರೆಸಿದ ಹಾಗೆ ಎಂದರು.

ಮನೆಗೆ ಬಂದ ಮೇಲೆ ಯಾರೂ ಸಮಾಧಾನವಾಗಿರಲಿಲ್ಲ. ಬಡಗಿ ಮಗಳ ಎದುರು ನಿಂತು, "ಹಾಗಾದ್ರೆ ನಾನೇ ನಿನ್ನ ಉಸಿರು ಕಟ್ಟಿಸಿದ್ದು ಅಂತೀಯ?" ಎಂದ.

"ನಾನೇನಂದೆ? ಅಮ್ಮ ಅಂದಿದ್ದು."

"ನೀನು ಅನ್ಬೇಕು. ಊರಿಗೆಲ್ಲ ಹೇಳ್ತೀಯಲ್ಲ."

"ಊರಿಗೆ ಹೇಳಿದ್ದೇನು ಗೊತ್ತಾಪ್ಪ? ಶುಂಠಿ ಕುಡಿದೆ, ವಾಸಿ ಆಯ್ತು ಅಂತ. ಎಷ್ಟು ಜನ ಡಾಕ್ಟರ್ ಬಿಟ್ಟು ನನ್ನ ಹತ್ರ ಬಂದ್ರು." ಆಮೇಲೆ ಯಾರ ಮೇಲೋ ಸಿಟ್ಟು ತೀರಿಸಿಕೊಳ್ಳುವಂತೆ, "ಇಲ್ಲ, ಶುಂಠಿಯಿಂದನೇ ವಾಸಿ ಆಗಿದ್ದು. ಇಲ್ಲಿಯ ಹವಾ ಸರಿ ಇಲ್ಲ ಅಷ್ಟೇ," ಎಂದು ಚೀಲ ಕಟ್ಟಲು ಶುರುಮಾಡಿದಳು.

"ನಾನೂ ಗುಬ್ಬಿನೂ ನಿಮ್ಮ ಜೊತೆ ಬರ್ತೀವಿ," ಎಂದಳು ಸೊಸೆ.

ಗಂಡ ತಿರುಗಿದ. "ಕೆಲಸ?"

"ಅಲ್ಲಿಂದ ಬಸ್ಸಿದೆ. ಆ ಬಸ್ಸಿನ ಟಿಕೆಟ್ ನಾನೇ ಕೊಡೋದು."

"ಎಷ್ಟು ದಿನ?"

"ಯಂತ್ರ ಎಷ್ಟು ದಿನ ಇಲ್ಲಿರುತ್ತೋ ಅಷ್ಟು ದಿನ."

ಅವರು ಹೋದ ಮೇಲೆ ಮಹಡಿಯಲ್ಲಿ ಅಜ್ಜಿಯ ಅಡುಗೆ. ಸಕ್ಕರೆ ಡಬ್ಬಿ ಕೆಳಗಿಳಿಯಿತು, ಬಾಣಲೆ ಒಲೆ ಏರಿತು. ಮಗ ಊರಾಚೆ ಮುಚ್ಚಿಹೋದ ಗೋದಾಮಿನ ಹಿಂದೆ ತಗಡಿನ ಶೆಡ್ಡೊಂದನ್ನು ನೋಡಿಕೊಂಡು ಬಂದು ಹೇಳಿದ. ಬಡಗಿ, "ಅಲ್ಲಿಗೆ ಯಾವ ಗಿರಾಕಿ ಬರ್ತಾನೆ? ನಾಯಿನೂ ಬರಲ್ಲ," ಎಂದ. ಮಗ ಇನ್ನೊಮ್ಮೆ ಹೇಳಿದ. "ನಿನ್ನ ಹೆಂಡತಿ ಕುಣಿಸಿದ ಹಾಗೆ ಕುಣಿ, ನನ್ನನ್ನ ಕುಣಿಸ್ಬೇಡ," ಎಂದ ಬಡಗಿ. ಮಗ ಉಜ್ಜುವ ಕಾಗದವನ್ನು ಮೇಜಿನ ಮೇಲೆ ಎಸೆದು ಹೊರಗೆ ಹೋದ. ಬೆಂಚುಗಳು ಹಾಗೇ ನಿಂತವು.

ಮಾತಾಡಿ ಪ್ರಯೋಜನವಿಲ್ಲವೆಂದು ಅಜ್ಜಿಗೆ ಗೊತ್ತಿತ್ತು. ಅವಳು ಒಂದು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ಮಹಡಿಯನ್ನು ತೊಳೆಯಲು ನಿಂತಳು. ಹಾಸಿಗೆ, ಪರದೆ, ಬೀರುವಿನ ಹಿಂಭಾಗ, ಕಿಟಕಿಯ ಸರಳು, ಗೋಡೆ. ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿದಳು. ನೀರು ಮೆಟ್ಟಿಲಿಳಿದು ಅಂಗಡಿಗೆ ಬಂತು. ಗಂಜಿಯಂತೆ ಗಟ್ಟಿಯಾಗಿ, ಕಂದು ಬಣ್ಣಕ್ಕೆ, ಬಡಗಿಯ ಪಾದದ ಸುತ್ತ ಹರಿಯಿತು.

"ಏನೇ ಇದು, ಹಲಗೆ ನೆನೆಯುತ್ತೆ," ಎಂದು ಅವನು ಕೂಗಿದ.

ಅಜ್ಜಿ ಮೆಟ್ಟಿಲ ತುದಿಯಲ್ಲಿ ಪೊರಕೆ ಹಿಡಿದು ನಿಂತಳು. "ಗುಬ್ಬಿ ಮಲಗೋ ಕೋಣೆಯ ನೀರು ಇದು. ನೋಡ್ಕೋ. ಮಗಳು ಚಿಕ್ಕವಳಿದ್ದಾಗ ಕದ್ದು ಮೊಸರು ತಿಂದ್ಲು, ಅದಕ್ಕೇ ಉಬ್ಬಸ ಅಂತ ಇದೇ ಕೈಲಿ ಎಷ್ಟು ಸಲ ಬಾರಿಸಿದೀನಿ, ಲೆಕ್ಕ ಇಲ್ಲ. ಈಗ ಸೊಸೆ ಮೇಲೆ ಕೂಗಾಡಿದೆ. ನಂಗೆ ಸಾಕಾಯ್ತು."

ಅವಳಿಗೆ ಆ ವಯಸ್ಸಿನಲ್ಲಿ ಅಷ್ಟು ಕೆಲಸ ಆಗುವಂಥದಲ್ಲ. ಸೊಂಟ ಹಿಡಿದುಕೊಂಡು ಅಲ್ಲೇ ಕೂತಳು. ಬಡಗಿ ಸ್ವಲ್ಪ ಹೊತ್ತು ನೀರನ್ನು ನೋಡಿದ. ಆಮೇಲೆ ಮೆಟ್ಟಿಲು ಹತ್ತಿ, ಹೆಂಡತಿಯ ಕೈಯಿಂದ ಪೊರಕೆ ತೆಗೆದುಕೊಂಡು, ಉಳಿದ ಕೋಣೆಯನ್ನು ತಾನೇ ತೊಳೆದ. ಮಧ್ಯಾಹ್ನ ಸ್ಪ್ಯಾನರು ಹಿಡಿದು ಯಂತ್ರದ ಬುಡದ ಬೋಲ್ಟುಗಳನ್ನು ಬಿಚ್ಚಲು ಕೂತ. ಮಗ ಬಂದಾಗ, "ಸುಮ್ನೆ ನೋಡ್ತಾ ನಿಲ್ಬೇಡ, ಆ ಕಡೆ ಹಿಡಿ," ಎಂದ.

ಯಂತ್ರ ಶೆಡ್ಡಿಗೆ ಹೋಯಿತು. ಅದರೊಂದಿಗೆ ಎಲ್ಲ ಸರಿಹೋಯಿತೆಂದಲ್ಲ. ತಗಡಿನ ಕೆಳಗೆ ಸೆಕೆ, ಕಟ್ಟಿ ಕಳಿಸಿದ ಊಟ ಆರಿಹೋಗಿರುತ್ತದೆ, ಹಳೇ ಗಿರಾಕಿಗಳು ಬೀದಿಗೆ ಬಂದು ಬಾಗಿಲು ಮುಚ್ಚಿದ್ದು ನೋಡಿ ತಿರುಗಿ ಹೋಗುತ್ತಾರೆ ಎಂದು ಬಡಗಿ ದಿನವೂ ಗೊಣಗಿದ. ಬೆಂಚುಗಳು ತಡವಾಗಿ ಶಾಲೆ ಸೇರಿದವು, ಮಾತು ಕೇಳಬೇಕಾಯಿತು. ಸಂಜೆ ಅವನೂ ಮಗನೂ ಹಿತ್ತಿಲಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮೇಲೆ ಹತ್ತಬೇಕೆಂದು ಅಜ್ಜಿಯ ಕಟ್ಟಪ್ಪಣೆ. "ನನ್ನ ಮನೆಗೆ ನಾನೇ ಮೈಲಿಗೆಯಾದೆ," ಎನ್ನುತ್ತಲೇ ಅವನು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ.

ಒಂದು ಭಾನುವಾರ ಕಷಾಯದಕ್ಕನ ಮನೆಯಲ್ಲಿ ಸೊಸೆ, ಗುಬ್ಬಿಯನ್ನು ವಾಪಸ್ಸು ಕರೆದೊಯ್ಯಲು ಬಟ್ಟೆ ಮಡಚುತ್ತಿದ್ದಳು. ಹುಡುಗಿ ಈಗ ಬೆಳಿಗ್ಗೆ ಸಂಜೆ ಇನ್ಹೇಲರ್ ಎಳೆಯುತ್ತಿದ್ದಳು; ಕಷಾಯದಕ್ಕನೂ ಯಾರೂ ನೋಡದಾಗ ಡಾಕ್ಟರಮ್ಮ ಕೊಟ್ಟ ತನ್ನದನ್ನು ಎಳೆಯುತ್ತಿದ್ದಳು.

ಅಷ್ಟರಲ್ಲಿ ಅಪರಿಚಿತ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಅವಳ ಅತ್ತೆಗೆ ಬಹಳ ದಿನದಿಂದ ಕೆಮ್ಮು, ರಾತ್ರಿಯೆಲ್ಲ ದಮ್ಮು. ಕಷಾಯದಕ್ಕನ ಹೆಸರು ಕೇಳಿ ದೂರದಿಂದ ಬಂದಿದ್ದಳು. ಕಷಾಯದಕ್ಕ ಅವಳನ್ನು ಕೂರಿಸಿದಳು. ಒಳಗೆ ಸೊಸೆ ಮಡಚುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಕಿವಿಗೊಟ್ಟಳು.

"ನಿಮ್ಮತ್ತೆ ಎಲ್ಲಿ ಮಲಗ್ತಾರೆ?" ಎಂದು ಕಷಾಯದಕ್ಕ ಕೇಳಿದಳು.

"ಮನೇಲಿ."

"ಮನೇಲಿ ಎಲ್ಲಿ?"

"ಅಡುಗೆಮನೆ ಪಕ್ಕದಲ್ಲಿ. ಯಾಕೆ?"

"ಒಲೆ ಯಾವುದು? ಸೌದೆದಾ? ಹೊಗೆ ಹೋಗೋಕೆ ಕಿಟಕಿ ಇದೆಯಾ? ಅಕ್ಕಪಕ್ಕ ಗಿರಣಿ, ಕಾರ್ಖಾನೆ ಏನಾದ್ರೂ?"

ಹೆಂಗಸು ಮುಖ ಗಂಟಿಕ್ಕಿದಳು. "ಅಕ್ಕ, ನಾನು ಕಷಾಯಕ್ಕೆ ಬಂದಿದ್ದು, ಮನೆ ಬಾಡಿಗೆಗೆ ಕೊಡೋಕಲ್ಲ. ಇಷ್ಟೆಲ್ಲ ಹೇಳೋ ಹಾಗಿದ್ರೆ ಡಾಕ್ಟರ್ ಹತ್ರನೇ ಹೋಗ್ತಿದ್ದೆ."

ಕಷಾಯದಕ್ಕ ಕೈಯಲ್ಲಿದ್ದ ಶುಂಠಿಯ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನ್ನನ್ನೇ ನೋಡಿ ಎಂದು ಹೇಳಲು ಅವಳಿಗೆ ಈಗ ಬಾಯಿ ಬರಲಿಲ್ಲ.

"ಹೋಗಮ್ಮ," ಎಂದಳು. "ಮೊದಲು ಅಲ್ಲಿಗೇ ಹೋಗು. ಹಾಸಿಗೆನ ಒಲೆಯಿಂದ ದೂರ ಹಾಕು. ಆಮೇಲೆ ಬಾ, ಶುಂಠಿ ಎಲ್ಲೂ ಓಡಿಹೋಗಲ್ಲ."

ಹೆಂಗಸು ಎದ್ದಳು. ಇಷ್ಟು ದೂರ ಸುಮ್ಮನೆ ಬಂದೆ ಎಂದು ಬೈದುಕೊಳ್ಳುತ್ತಲೇ ಗೇಟು ದಾಟಿ ಬೀದಿಗಿಳಿದಳು. ಕಷಾಯದಕ್ಕ ಬಾಗಿಲಲ್ಲೇ ನಿಂತು, ಅವಳು ಬಲಕ್ಕೆ ಆಸ್ಪತ್ರೆಯ ಕಡೆ ತಿರುಗುತ್ತಾಳೋ ಎಡಕ್ಕೆ ಬಸ್ಸಿನ ಕಡೆ ತಿರುಗುತ್ತಾಳೋ ಎಂದು ನೋಡಿದಳು. ಹೆಂಗಸು ಎಡಕ್ಕೆ ತಿರುಗಿದಳು.

"ಅತ್ತಿಗೆ," ಎಂದಳು ಸೊಸೆ ಹಿಂದಿನಿಂದ, "ಬಸ್ಸಿಗೆ ಇನ್ನೂ ಹೊತ್ತಿದೆ. ನಾನು ಹೋಗಿ ಮಾತಾಡ್ಲಾ?"

ಕಷಾಯದಕ್ಕ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. "ನಡಿ, ಇಬ್ಬರೂ ಹೋಗೋಣ," ಎಂದಳು. "ನಾನು ಓಡಿದ್ರೆ ಉಸಿರು ಸಾಲಲ್ಲ. ನೀನು ಮುಂದೆ ಹೋಗಿ ಅವಳನ್ನ ನಿಲ್ಲಿಸು."